ಒಂಟಿ ಹಾಡು ಮೇಳವಾದ ಕಥೆ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ, 1562ರಲ್ಲಿ, ಥಾಮಸ್ ವುಡ್ ಎಂಬ ಮಾಜಿ ಸನ್ಯಾಸಿ ಸ್ವರಗಳನ್ನು ಬರೆದಿಡಲು ಕುಳಿತ. ಅದಕ್ಕೆ ಎರಡು ವರ್ಷ ಹಿಂದಷ್ಟೇ ನಾಡಿನ ಧರ್ಮವ್ಯವಸ್ಥೆ ಬುಡಮೇಲಾಗಿತ್ತು. ಪೋಪನ ಅಧಿಕಾರ ಕಳಚಿ ಬಿದ್ದು ಸುಧಾರಿತ ಮತ ನೆಲೆಯೂರಿತ್ತು. ಮಠಗಳು ಬರಿದಾಗಿದ್ದವು. ಲ್ಯಾಟಿನ್ ಪೂಜೆ ನಿಂತಾಗ ಅದರೊಡನೆ ಬೆಳೆದು ಬಂದಿದ್ದ ಬಹುಕಂಠದ ಗಾಯನವೂ ನಿಂತಿತು. ಹಾಡುವುದನ್ನೇ ಬದುಕಾಗಿಸಿಕೊಂಡಿದ್ದವರು ದಿಕ್ಕಿಗೊಬ್ಬರಾಗಿ ಚದುರಿದರು. ವುಡ್ ಕೂಡ ಲಿಂಡೋರ್ಸ್ ಮಠ ಬಿಟ್ಟು ಬಂದವನೇ.

ಹೊಸ ಮತ ಒಪ್ಪುತ್ತಿದ್ದುದು ದಾವೀದನ ಕೀರ್ತನೆಗಳನ್ನು, ಅದೂ ಜನರ ಭಾಷೆಯಲ್ಲಿ, ಸರಳ ಧಾಟಿಯಲ್ಲಿ. ಆ ಧಾಟಿಗಳನ್ನು ನಾಲ್ಕು ಕಂಠಗಳಿಗೆ ಹೊಂದಿಸಬೇಕೆಂದು ರಾಣಿ ಮೇರಿಯ ಮಲಸಹೋದರ ಲಾರ್ಡ್ ಜೇಮ್ಸ್ ಸ್ಟುವರ್ಟ್ ಸಂಗೀತಗಾರ ಡೇವಿಡ್ ಪೀಬಲ್ಸ್‌ಗೆ ಅಪ್ಪಣೆ ಕೊಡಿಸಿದ. ಪಾಂಡಿತ್ಯದ ಬೆಡಗು ಬಿಟ್ಟು ಸರಳವಾಗಿ ಬರೆ ಎಂಬ ಷರತ್ತೂ ಅದರೊಡನೆ ಇತ್ತು. ಹಳೆಯ ಸಂಪ್ರದಾಯದಲ್ಲಿ ಪಳಗಿದ ಪೀಬಲ್ಸ್‌ಗೆ ಈ ಕೆಲಸದಲ್ಲಿ ಉತ್ಸಾಹವಿರಲಿಲ್ಲ. ಬಿಡದೆ ಬೆನ್ನುಹತ್ತಿ ಬರೆಸಿಕೊಂಡೆನೆಂದು ವುಡ್ ಹೇಳಿಕೊಂಡಿದ್ದಾನೆ. ಬರೆದ ಹಾಳೆಗಳ ಅಂಚಿನಲ್ಲಿ ಈ ನಾಡಿನಲ್ಲಿ ಸಂಗೀತ ಪೂರ್ತಿ ಅಳಿದುಹೋದೀತೆಂಬ ತನ್ನ ಅಳಲನ್ನೂ ದಾಖಲಿಸಿದ್ದಾನೆ. ಅವನು ಚಿತ್ರಬಿಡಿಸಿ ಸಿಂಗರಿಸಿದ ಆ ಹಸ್ತಪ್ರತಿಗಳು ಇಂದಿಗೂ ಉಳಿದಿವೆ.

ಆ ಧಾಟಿಗಳು ಜಿನೀವಾದಿಂದ, ಇಂಗ್ಲೆಂಡಿನಿಂದ ಬಂದವು. ಸ್ಕಾಟ್ಲೆಂಡಿನ ಮಣ್ಣಿನ ಹಾಡುಗಳಲ್ಲ. ಆದರೂ ಮುಂದೆ ನಾಲ್ಕು ನೂರು ವರ್ಷ ನಡೆದ ಒಂದು ದೊಡ್ಡ ಪ್ರಯತ್ನದ ಎರಡು ಕಂಬಗಳನ್ನು ಸೇಂಟ್ ಆಂಡ್ರೂಸ್‌ನ ಆ ಕೋಣೆಯಲ್ಲೇ ನೆಟ್ಟಂತಾಯಿತು. ಹಾಡು ಅಳಿದುಹೋದೀತು ಎಂಬ ಭಯ ಮೊದಲನೆಯದು. ಜೊತೆಗೂಡುವ ಕಂಠಗಳು ಮೂಲಧಾಟಿಗೆ ದಾರಿ ಬಿಟ್ಟು ನಿಲ್ಲಬೇಕು ಎಂಬ ಕಟ್ಟುಪಾಡು ಎರಡನೆಯದು. ಸ್ಕಾಟ್ಲೆಂಡಿನ ನಾಡಹಾಡುಗಳು ವೃಂದಗಾನವಾದ ಚರಿತ್ರೆಯಲ್ಲಿ ಈ ಕಟ್ಟುಪಾಡನ್ನು ನೆನಪಿಟ್ಟವರು ಗೆದ್ದರು. ಮರೆತವರು ಎಷ್ಟೇ ದೊಡ್ಡವರಾಗಿರಲಿ, ಹಾಡು ಅವರ ಕೈಯಿಂದ ಜಾರಿತು.

ವಾದ್ಯವಿಲ್ಲದ ದೇಗುಲ

ವುಡ್‌ನ ಭಯ ಬಹುಮಟ್ಟಿಗೆ ನಿಜವಾಯಿತು. 1635ರಲ್ಲಿ ಎಡ್ವರ್ಡ್ ಮಿಲ್ಲರ್ ನಾಲ್ಕು ಕಂಠಗಳ ಕೀರ್ತನೆಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದನೇನೋ ಸರಿ. ಆದರೆ ಕೆಲವೇ ವರ್ಷಗಳಲ್ಲಿ ನಾಡು ಅಂತರ್ಯುದ್ಧದಲ್ಲಿ ಮುಳುಗಿತು. 1650ರಲ್ಲಿ ಬಂದ ಹೊಸ ಕೀರ್ತನಸಂಪುಟದಲ್ಲಿ ಪದ್ಯಗಳಿದ್ದವು, ಸ್ವರಗಳಿರಲಿಲ್ಲ. ಹಾಡುವ ಧಾಟಿಗಳು ಕ್ರಮೇಣ ಹನ್ನೆರಡಕ್ಕೆ ಇಳಿದವು. ಓದು ಬಾರದ ಸಭೆಗೆ ಮುಂದಾಳು ಗಾಯಕನೊಬ್ಬ ಸಾಲು ಸಾಲಾಗಿ ಹೇಳಿಕೊಡುವುದು, ಸಭೆ ಅದನ್ನು ಎಳೆದು ಹಾಡುವುದು ರೂಢಿಯಾಯಿತು. ಗೇಲಿಕ್ ಭಾಷೆಯ ದ್ವೀಪಗಳಲ್ಲಿ ಈ ರೂಢಿಯೇ ಒಂದು ಅಪೂರ್ವ ಕಲೆಯಾಗಿ ಬೆಳೆಯಿತು. ಪ್ರತಿಯೊಬ್ಬರೂ ಅದೇ ಸಾಲನ್ನು ತಮ್ಮ ತಮ್ಮ ಗಮಕಗಳಿಂದ ಹಾಡುವಾಗ, ಯಾರೂ ಬರೆಯದ, ಬರೆಯಲಾಗದ ಒಂದು ಸ್ವರಸಮೂಹ ಏಳುತ್ತದೆ. ಲೂಯಿಸ್ ದ್ವೀಪದ ಚರ್ಚುಗಳಲ್ಲಿ ಇಂದಿಗೂ ಅದನ್ನು ಕೇಳಬಹುದು.

ಪ್ರೆಸ್ಬಿಟೇರಿಯನ್ ಚರ್ಚು ಆರ್ಗನ್ ವಾದ್ಯವನ್ನು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದವರೆಗೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಸಂಗೀತದ ಮಟ್ಟಿಗೆ ಇದು ಬಡತನವೆಂದು ಹಲವರು ಮರುಗಿದ್ದಾರೆ. ಆದರೆ ಆ ಬಡತನವೇ ಮುಂದೆ ಆಸ್ತಿಯಾಯಿತು. ಒತ್ತಾಸೆಗೆ ಯಾವ ವಾದ್ಯವೂ ಇಲ್ಲದೆ ಬರಿಗಂಟಲಲ್ಲಿ ಶ್ರುತಿ ಹಿಡಿದು ಹಾಡುವುದು ಸ್ಕಾಟ್ಲೆಂಡಿನ ಸಾಮಾನ್ಯ ಜನರಿಗೆ ತಲೆಮಾರುಗಳಿಂದ ರೂಢಿಯಾಗಿತ್ತು. 1750ರ ದಶಕದಲ್ಲಿ ಅಬರ್ಡೀನ್ ಸೀಮೆಯ ಮೋನಿಮಸ್ಕ್ ಎಂಬ ಹಳ್ಳಿಯಲ್ಲಿ ಥಾಮಸ್ ಚಾನನ್ ಎಂಬ ಸೈನಿಕ ರೈತಾಪಿ ಜನರನ್ನು ಕೂರಿಸಿಕೊಂಡು ನಾಲ್ಕು ಕಂಠದ ಗಾಯನ ಕಲಿಸಿದಾಗ, ಆ ಸುದ್ದಿ ಊರಿಂದೂರಿಗೆ ಹಬ್ಬಿ ಮೇಳಗಳು ಹುಟ್ಟಿಕೊಂಡವು. ಮಣ್ಣು ಹದವಾಗಿತ್ತು; ಬಿತ್ತುವವನಿಗೆ ಕಾಯುತ್ತಿತ್ತು, ಅಷ್ಟೆ.

ಚರ್ಚಿನ ಗೋಡೆಯ ಆಚೆ, ಅಡುಗೆಮನೆಯಲ್ಲಿ, ಕುರಿದಿಬ್ಬದಲ್ಲಿ, ದೋಣಿಯಲ್ಲಿ ನಾಡಹಾಡು ತನ್ನ ಪಾಡಿಗೆ ತಾನು ಬಾಳುತ್ತಿತ್ತು. ಅದು ಒಂಟಿ ಕಂಠದ ಹಾಡು. ಅದರಲ್ಲಿ ಎಷ್ಟೋ ಧಾಟಿಗಳು ಐದೇ ಸ್ವರಗಳಲ್ಲಿ ನಿಂತಿವೆ. ನಮ್ಮ ಮೋಹನ ರಾಗದ ಸ ರಿ ಗ ಪ ದ ಎಂಬ ಐದು ಮೆಟ್ಟಿಲು. ಜಗತ್ತೆಲ್ಲ ಹೊಸವರ್ಷದ ರಾತ್ರಿ ಹಾಡುವ ‘ಆಲ್ಡ್ ಲ್ಯಾಂಗ್ ಸೈನ್’ ಧಾಟಿ ಇಂಥದ್ದು, ‘ಯೀ ಬ್ಯಾಂಕ್ಸ್ ಅಂಡ್ ಬ್ರೇಸ್’ ಇಂಥದ್ದು. ಯೌವನದಲ್ಲಿ ಇಂಗ್ಲೆಂಡಿಗೆ ಹೋಗಿ ಬಂದ ರವೀಂದ್ರನಾಥ ಟ್ಯಾಗೋರರು ಈ ಎರಡೂ ಧಾಟಿಗಳನ್ನು ಬಂಗಾಳಿ ಹಾಡುಗಳಿಗೆ ಒಗ್ಗಿಸಿಕೊಂಡದ್ದು ಆಕಸ್ಮಿಕವಲ್ಲ. ಭಾರತದ ಕಿವಿಗೆ ಅವು ಪರಕೀಯವೆನಿಸುವುದೇ ಇಲ್ಲ.

ಆದರೆ ಐರೋಪ್ಯ ಸ್ವರಮೇಳದ ಶಾಸ್ತ್ರಕ್ಕೆ ಇವು ತೊಡಕಾದವು. ಆ ಶಾಸ್ತ್ರ ನಡೆಯುವುದು ಕಾಕಲಿ ನಿಷಾದ ಷಡ್ಜದತ್ತ ಎಳೆಯುವ ಸೆಳೆತದ ಮೇಲೆ. ಮೋಹನದಂಥ ಧಾಟಿಯಲ್ಲಿ ನಿಷಾದವೇ ಇಲ್ಲ. ಕೆಳಗಿನ ಕಂಠಗಳಿಗೆ ನಿಷಾದ ಕೊಟ್ಟು ಶಾಸ್ತ್ರ ಉಳಿಸಿಕೊಂಡರೆ ಹಾಡಿನ ಮುಖಚಹರೆ ಬದಲಾಗುತ್ತದೆ. ಹಾಡಿನ ಮುಖ ಉಳಿಸಿಕೊಂಡರೆ ಶಾಸ್ತ್ರದ ಅರ್ಧ ಸಲಕರಣೆಯನ್ನು ಪಕ್ಕಕ್ಕಿಡಬೇಕು. ಸಂಯೋಜಕನ ಯೋಗ್ಯತೆ ಗೊತ್ತಾಗುತ್ತಿದ್ದುದು ಇಲ್ಲಿ.

ಎಡಿನ್‌ಬರೋದ ಗುಮಾಸ್ತ, ವಿಯೆನ್ನಾದ ಗುರುಗಳು

ಎಡಿನ್‌ಬರೋ ನಗರದಲ್ಲಿ 1763ರಲ್ಲಿ ಕಟ್ಟಿದ ಸೇಂಟ್ ಸಿಸಿಲಿಯಾ ಸಭಾಂಗಣ ಸ್ಕಾಟ್ಲೆಂಡಿನಲ್ಲಿ ಕಛೇರಿಗೆಂದೇ ಕಟ್ಟಿದ ಮೊದಲ ಸಭಾಂಗಣ. ಅಲ್ಲಿ ಟೆಂಡುಚಿ ಎಂಬ ಇಟಲಿಯ ಗಾಯಕ ಸ್ಕಾಟಿಷ್ ಹಾಡುಗಳನ್ನು ಹಾಡಿದ್ದು ಜಾರ್ಜ್ ಥಾಮ್ಸನ್ ಎಂಬ ತರುಣನ ಎದೆಗೆ ನಾಟಿತು. ಕೈಗಾರಿಕೆಗಳ ಉತ್ತೇಜನಕ್ಕೆಂದು ಇದ್ದ ಸರ್ಕಾರಿ ಮಂಡಳಿಯೊಂದರಲ್ಲಿ ಥಾಮ್ಸನ್ ಗುಮಾಸ್ತ. ಹಗಲು ಮಂಡಳಿಯ ಲೆಕ್ಕಪತ್ರ, ಉಳಿದ ಹೊತ್ತು ಹಾಡಿನ ಹುಚ್ಚು. ತನ್ನ ನಾಡಿನ ಧಾಟಿಗಳನ್ನೆಲ್ಲ ಆಯ್ದು, ಯೂರೋಪಿನ ಅತ್ಯುತ್ತಮ ಸಂಗೀತಗಾರರಿಂದ ಹಿಮ್ಮೇಳ ಬರೆಸಿ, ಅತ್ಯುತ್ತಮ ಕವಿಗಳಿಂದ ಸಾಹಿತ್ಯ ಬರೆಸಿ ಪ್ರಕಟಿಸುವ ಹಂಬಲ ಅವನದು. 1793ರಲ್ಲಿ ಮೊದಲ ಭಾಗ ಹೊರಬಂತು.

ಸಾಹಿತ್ಯಕ್ಕೆ ಅವನು ನೆಚ್ಚಿಕೊಂಡದ್ದು ರಾಬರ್ಟ್ ಬರ್ನ್ಸ್‌ನನ್ನು. ಬರ್ನ್ಸ್ ಅದಾಗಲೇ ಜೇಮ್ಸ್ ಜಾನ್ಸನ್‌ನ ‘ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ’ ಸಂಪುಟಗಳಿಗೆ ಹಳ್ಳಿ ಹಳ್ಳಿಯ ಧಾಟಿಗಳನ್ನು ಹುಡುಕಿ ಕೊಡುತ್ತಿದ್ದ. 1787ರಿಂದ 1803ರವರೆಗೆ ಆರು ಸಂಪುಟ, ಆರುನೂರು ಹಾಡು. ಅದರಲ್ಲಿ ಮೂರನೇ ಒಂದು ಪಾಲಿನಷ್ಟು ಬರ್ನ್ಸ್‌ನ ಕೈಯಿಂದ ಬಂದದ್ದು ಅಥವಾ ಅವನ ಕೈ ತಾಗಿದ್ದು. ಹಾಡಿಗೆ ಹಣ ಪಡೆಯುವುದು ಆತ್ಮಕ್ಕೆ ಅವಮಾನವೆಂದು ಬಗೆದು ಅವನು ಥಾಮ್ಸನ್‌ನಿಂದ ಸಂಭಾವನೆ ತೆಗೆದುಕೊಳ್ಳಲು ಒಪ್ಪಲಿಲ್ಲ. ಕೊನೆಗೆ 1796ರ ಜುಲೈನಲ್ಲಿ, ಹಾಸಿಗೆ ಹಿಡಿದು, ಸಾಲಗಾರನ ಬೆದರಿಕೆಗೆ ನಡುಗಿ, ಐದು ಪೌಂಡಿಗಾಗಿ ಅದೇ ಥಾಮ್ಸನ್‌ಗೆ ಪತ್ರ ಬರೆದ. ಹಣ ಬಂತು, ಆ ತಿಂಗಳ 21ರಂದು ಬರ್ನ್ಸ್ ತೀರಿಕೊಂಡ. ಅವನಿಗಿನ್ನೂ ಮೂವತ್ತೇಳು ವರ್ಷ.

ಹಿಮ್ಮೇಳದ ಕೆಲಸ ಪ್ಲೆಯೆಲ್, ಕೊಝೆಲುಖ್ ಅವರಿಂದ ಹೈಡನ್‌ಗೆ, ಅಲ್ಲಿಂದ ಬೀಥೋವನ್‌ಗೆ ಹೋಯಿತು. ನೆಪೋಲಿಯನ್ನನ ಯುದ್ಧಗಳ ಕಾಲವದು. ವಿಯೆನ್ನಾದಿಂದ ಎಡಿನ್‌ಬರೋಗೆ ಒಂದು ಕಟ್ಟು ಕಾಗದ ಸುರಕ್ಷಿತವಾಗಿ ತಲುಪಬೇಕಾದರೆ ಹಲವು ಪ್ರತಿ ಮಾಡಿ ಬೇರೆ ಬೇರೆ ದಾರಿಗಳಲ್ಲಿ ಕಳುಹಿಸಬೇಕಿತ್ತು. ಥಾಮ್ಸನ್ ಕಳುಹಿಸುತ್ತಿದ್ದುದು ಬರಿಯ ಧಾಟಿ. ಹಾಡಿನ ಮಾತು ಕಳುಹಿಸದಿದ್ದರೆ ಭಾವ ಹೇಗೆ ಗೊತ್ತಾದೀತು ಎಂದು ಬೀಥೋವನ್ ಮತ್ತೆ ಮತ್ತೆ ಕೇಳುತ್ತಿದ್ದ. ಅತ್ತ ಥಾಮ್ಸನ್‌ಗೆ ಬೇರೆಯೇ ಚಿಂತೆ: ಬೀಥೋವನ್‌ನ ಪಿಯಾನೊ ಭಾಗ ಎಡಿನ್‌ಬರೋದ ಹೆಣ್ಣುಮಕ್ಕಳ ಬೆರಳಿಗೆ ಬಗ್ಗುತ್ತಿರಲಿಲ್ಲ. ಸುಲಭಗೊಳಿಸು ಎಂದು ಬರೆದಾಗ, ಒಮ್ಮೆ ಬರೆದದ್ದನ್ನು ತಿದ್ದುವ ಅಭ್ಯಾಸ ನನಗಿಲ್ಲ ಎಂಬ ಖಡಾಖಂಡಿತ ಉತ್ತರ ಬಂತು. 1818ರಲ್ಲಿ ಬೀಥೋವನ್‌ನ ಇಪ್ಪತ್ತೈದು ಸ್ಕಾಟಿಷ್ ಹಾಡುಗಳ ಸಂಪುಟ ಬೆಳಕು ಕಂಡಿತು. ಅದರಲ್ಲಿ ‘ದಿ ಹೈಲ್ಯಾಂಡ್ ವಾಚ್’ ಹಾಡಿಗೆ ವೃಂದವೂ ಜೊತೆಗೂಡುತ್ತದೆ; ಬೇರೆಡೆ ‘ಆಲ್ಡ್ ಲ್ಯಾಂಗ್ ಸೈನ್’ ಸಾಹಿತ್ಯವನ್ನು ಮೂರು ಕಂಠಗಳಿಗೆ ಹೊಂದಿಸಿದ್ದಾನೆ.

ಆ ಸಂಯೋಜನೆಗಳಲ್ಲಿ ಮಹಾಪ್ರತಿಭೆಯ ಕಿಡಿಗಳಿವೆ. ಆದರೆ ಹಾಡಿನ ಒಡತಿಯನ್ನು ಒಮ್ಮೆಯೂ ಕೇಳದ, ಆ ದಿಬ್ಬ-ಕಣಿವೆಗಳನ್ನು ಕಾಣದ ಗುರುವಿನ ಕೈಯಲ್ಲಿ ಧಾಟಿ ಅತಿಥಿಯಂತೆ ಸಂಕೋಚದಿಂದ ಕುಳಿತಿದೆ. ಪಿಯಾನೊ, ಪಿಟೀಲು, ಚೆಲ್ಲೊಗಳು ಮಾತಾಡುತ್ತವೆ. ಹಾಡು ಅವುಗಳ ನಡುವೆ ಬಿಡುವು ಸಿಕ್ಕಾಗ ಬಾಯಿ ತೆರೆಯುತ್ತದೆ. ಆ ಸಂಪುಟಗಳನ್ನು ಕೊಳ್ಳಬಲ್ಲವರೂ ಪಿಯಾನೊ ಇದ್ದ ಮನೆಯವರು ಮಾತ್ರ. ಹಾಡು ಹುಟ್ಟಿದ ಜನಕ್ಕೆ ಅದು ಹಿಂದಿರುಗಿ ಬರಲು ಇನ್ನೂ ನೂರು ವರ್ಷ ಬೇಕಾಯಿತು.

ಕಡಲಾಚೆಯ ಊರುಗಳು, ಹೊಗೆಯ ನಗರ

ಆ ನೂರು ವರ್ಷದಲ್ಲಿ ನಾಡಿನ ಚಹರೆ ಬದಲಾಯಿತು. 1746ರಲ್ಲಿ ಕಲೊಡೆನ್ ಕದನದಲ್ಲಿ ಗುಡ್ಡಗಾಡಿನ ಕುಲಗಳು ಸೋತ ಮೇಲೆ ಅವರ ಹಳೆಯ ಬದುಕು ಕುಸಿಯುತ್ತ ಬಂತು. ಜಮೀನುದಾರರು ಕುರಿಸಾಕಣೆಯ ಲಾಭಕ್ಕಾಗಿ ಕಣಿವೆ ಕಣಿವೆಗಳನ್ನೇ ಒಕ್ಕಲೆಬ್ಬಿಸಿದರು. 1846ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರ ಬಂತು. ಜನ ಕೆನಡಾಕ್ಕೆ, ಆಸ್ಟ್ರೇಲಿಯಕ್ಕೆ ಹಡಗು ಹತ್ತಿದರು. ಹತ್ತಲಾಗದವರು ಗ್ಲಾಸ್ಗೋಗೆ ಬಂದರು. ಕ್ಲೈಡ್ ನದಿಯ ದಡದಲ್ಲಿ ಹಡಗು ಕಟ್ಟುವ ಆ ನಗರದ ಜನಸಂಖ್ಯೆ 1901ರ ಹೊತ್ತಿಗೆ ಏಳು ಲಕ್ಷ ಮೀರಿತ್ತು. ಅಲ್ಲಿನ ಸೆಂಟ್ರಲ್ ರೈಲ್ವೆ ನಿಲ್ದಾಣದ ಹಳಿಗಳು ಆರ್ಗೈಲ್ ಬೀದಿಯನ್ನು ದಾಟುವೆಡೆ ಇರುವ ಸೇತುವೆಯ ಅಡಿಯಲ್ಲಿ, ಮಳೆಗೆ ಮರೆಯಾಗಿ, ಊರು ಬಿಟ್ಟು ಬಂದವರು ವಾರಾಂತ್ಯದಲ್ಲಿ ಸೇರಿ ತಮ್ಮ ಭಾಷೆಯಲ್ಲಿ ಮಾತಾಡಿಕೊಳ್ಳುತ್ತಿದ್ದರು. ಆ ಜಾಗಕ್ಕೆ ಹೈಲ್ಯಾಂಡಿನವರ, ಎಂದರೆ ಗುಡ್ಡಗಾಡಿನವರ, ಕೊಡೆ ಎಂದೇ ಹೆಸರಾಯಿತು.

ಈ ಜನಕ್ಕೆ ಹಾಡಲು ಒಂದು ಲಿಪಿ ಸಿಕ್ಕಿತು. ನಾರಿಚ್‌ನ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿ ರೂಪಿಸಿ, ಜಾನ್ ಕರ್ವೆನ್ ಎಂಬ ಪಾದ್ರಿ ಬೆಳೆಸಿದ ಟಾನಿಕ್ ಸೋಲ್-ಫಾ ಪದ್ಧತಿ ಅದು. ಐದು ಗೆರೆಗಳ ದುಬಾರಿ ಮುದ್ರಣ ಬೇಡ. ಸ್ವರಗಳ ಮೊದಲಕ್ಷರಗಳೇ ಸಾಕು. ಯಾವ ಶ್ರುತಿಯಲ್ಲಿ ಹಾಡಿದರೂ ಆಧಾರಸ್ವರದ ಹೆಸರು ಒಂದೇ, ನಾವು ಯಾವ ಮನೆಯಲ್ಲಿ ಶ್ರುತಿ ಹಿಡಿದರೂ ಅದನ್ನು ಷಡ್ಜವೆಂದೇ ಕರೆಯುವ ಹಾಗೆ. ಕೆಲವೇ ಕಾಸಿಗೆ ಸಿಗುವ ಅಂಥ ಹಾಳೆ ಹಿಡಿದು ಗಿರಣಿಯ ಕೂಲಿಯವನೂ ಗುಮಾಸ್ತೆಯೂ ನಾಲ್ಕು ಕಂಠದ ಹಾಡನ್ನು ನೋಡಿದೊಡನೆ ಹಾಡಬಲ್ಲವರಾದರು.

ಇತ್ತ ಗೇಲಿಕ್ ಭಾಷೆಗೆ ಕುತ್ತು ಬಂದಿತ್ತು. 1872ರ ಶಿಕ್ಷಣ ಕಾಯಿದೆಯಲ್ಲಿ ಆ ಭಾಷೆಗೆ ಜಾಗವೇ ಇರಲಿಲ್ಲ. 1891ರಲ್ಲಿ ಓಬನ್ ಪಟ್ಟಣದಲ್ಲಿ ಆನ್ ಕೊಮನ್ ಗೇಲಾಕ್ ಎಂಬ ಗೇಲಿಕ್ ಸಂಘ ಹುಟ್ಟಿತು. ಮರುವರ್ಷ ಅದೇ ಊರಿನಲ್ಲಿ ಮೊದಲ ‘ಮಾಡ್’ ಉತ್ಸವ ನಡೆಯಿತು. ವೇಲ್ಸ್ ಜನರ ಐಸ್ಟೆಡ್ಫಡ್ ಎಂಬ ಹಾಡು-ಕಾವ್ಯದ ಸ್ಪರ್ಧೆಯೇ ಅದಕ್ಕೆ ಮಾದರಿ. ಬೇಗನೆ ವೃಂದಗಾನದ ಸ್ಪರ್ಧೆ ಆ ಉತ್ಸವದ ಕಳಶವಾಯಿತು. ಗೇಲಿಕ್ ಧಾಟಿಗಳನ್ನು ನಾಲ್ಕು ಕಂಠಗಳಿಗೆ ಹೊಂದಿಸಿ ಸೋಲ್-ಫಾ ಲಿಪಿಯಲ್ಲಿ ಅಚ್ಚು ಹಾಕಿದ ಪುಸ್ತಕಗಳು ಬಂದವು. ಮನೆಮಾತು ಮರೆಯುತ್ತಿದ್ದ ನಗರದ ಮಕ್ಕಳಿಗೆ ವಾರಕ್ಕೊಮ್ಮೆ ಮೇಳದ ಅಭ್ಯಾಸವೇ ಭಾಷೆಯ ಪಾಠಶಾಲೆ.

ದ್ವೀಪಗಳ ಹಾಡು

ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳು ಕನ್ನಡ ಓದುಗರಿಗೆ ಪೂರ್ತಿ ಅಪರಿಚಿತವಲ್ಲ. ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಸಂಕಲನದ ‘ಕಾರಿಹೆಗ್ಗಡೆಯ ಮಗಳು’ ಪದ್ಯದ ಮೂಲ ಗ್ಲಾಸ್ಗೋದ ಕವಿ ಥಾಮಸ್ ಕ್ಯಾಂಬೆಲ್ ಬರೆದದ್ದು; ಅದರ ಬಿರುಗಾಳಿ, ಅದರ ದೋಣಿ, ಅದರ ಸಾವು ಮಲ್ ದ್ವೀಪದ ಮಗ್ಗುಲಿನ ಅಲ್ವಾ ದ್ವೀಪದ ಕಡಲಿನವು. ಆ ಕಡಲಿನಲ್ಲಿ ಇನ್ನೂ ಪಶ್ಚಿಮಕ್ಕೆ ಹೋದರೆ ಎರಿಸ್ಕೇ ಎಂಬ ಪುಟ್ಟ ದ್ವೀಪ. 1905ರಲ್ಲಿ ಅಲ್ಲಿಗೆ ಮಾರ್ಜರಿ ಕೆನಡಿ-ಫ್ರೇಸರ್ ಬಂದಿಳಿದಳು.

ಆಕೆ 1857ರಲ್ಲಿ ಪರ್ತ್ ಪಟ್ಟಣದಲ್ಲಿ ಹುಟ್ಟಿದವಳು. ತಂದೆ ಡೇವಿಡ್ ಕೆನಡಿ ಸ್ಕಾಟಿಷ್ ಹಾಡುಗಳ ಹೆಸರಾಂತ ಗಾಯಕ; ಸಂಸಾರವನ್ನೇ ಮೇಳವಾಗಿಸಿ ಆಸ್ಟ್ರೇಲಿಯ, ಕೆನಡಾ, ದಕ್ಷಿಣ ಆಫ್ರಿಕ ಸುತ್ತಿದವನು, ಭಾರತಕ್ಕೂ ಬಂದು ಹಾಡಿದವನು. ಹರೆಯಕ್ಕೆ ಕಾಲಿಡುವ ಮುಂಚೆಯೇ ಮಾರ್ಜರಿ ತಂದೆಗೆ ಪಿಯಾನೊ ಸಾಥಿಯಾದಳು. 1881ರಲ್ಲಿ ಫ್ರಾನ್ಸಿನ ನೀಸ್ ನಗರದ ನಾಟಕಶಾಲೆಗೆ ಬೆಂಕಿ ಬಿದ್ದು ಆಕೆಯ ಒಡಹುಟ್ಟಿದವರು ಮೂವರು ಸುಟ್ಟು ಸತ್ತರು. ಐದು ವರ್ಷದಲ್ಲಿ ತಂದೆಯೂ ತೀರಿಕೊಂಡ. ಮುಂದೆ ಗಂಡನನ್ನೂ ಕಳೆದುಕೊಂಡು, ಪಾಠ ಹೇಳಿ ಮಕ್ಕಳನ್ನು ಸಾಕಿದ ಹೆಂಗಸು ನಲವತ್ತೇಳರ ವಯಸ್ಸಿನಲ್ಲಿ ರಸ್ತೆಯಿಲ್ಲದ ದ್ವೀಪಕ್ಕೆ ಹಾಡು ಹುಡುಕಿ ಹೋದಳು.

ಅಲ್ಲಿ ಆಕೆಗೆ ಕಂಡ ಲೋಕದಲ್ಲಿ ಹಾಡಿಲ್ಲದೆ ಕೆಲಸವಿರಲಿಲ್ಲ. ಮಗ್ಗದಿಂದ ಇಳಿದ ಉಣ್ಣೆಬಟ್ಟೆಯನ್ನು ಹಳಸಿದ ಮೂತ್ರದಲ್ಲಿ ನೆನೆಸಿ, ಉದ್ದನೆಯ ಹಲಗೆಯ ಎರಡೂ ಕಡೆ ಹೆಂಗಸರು ಸಾಲಾಗಿ ಕುಳಿತು, ಬಡಿದು ಬಡಿದು ಬಿಗಿ ಮಾಡುತ್ತಿದ್ದರು. ಬಟ್ಟೆ ಸೂರ್ಯ ಸುತ್ತುವ ದಿಕ್ಕಿನಲ್ಲೇ ಕೈಯಿಂದ ಕೈಗೆ ಸರಿಯಬೇಕು. ಒಬ್ಬಳು ಸೊಲ್ಲು ಎತ್ತುವಳು; ಉಳಿದವರು ಅರ್ಥವಿಲ್ಲದ, ಬರಿಯ ನಾದದ ಅಕ್ಷರಗಳ ಪಲ್ಲವಿಯನ್ನು ಹಿಡಿಯುವರು; ಬಡಿತವೇ ತಾಳ. ಬೀಸುವ ಕಲ್ಲಿನ ಮುಂದೆ ಎದುರುಬದುರು ಕುಳಿತು ಪದ ಹೇಳಿದ ನಮ್ಮ ಹೆಣ್ಣುಮಕ್ಕಳ ಹಾಗೆ ಅವರಿಗೂ ದುಡಿಮೆ ಮತ್ತು ಹಾಡು ಒಂದೇ ಉಸಿರು. ಆ ನಾಡಿನ ನಿಜವಾದ ವೃಂದಗಾನ ಹಲಗೆಯ ಸುತ್ತ ಆಗಲೇ ಇತ್ತು. ನಾಲ್ಕು ಕಂಠದ ಸ್ವರಮೇಳವಿಲ್ಲದಿದ್ದರೂ, ಒಂದು ಕಂಠ ಮತ್ತು ಹಲವು ಕಂಠಗಳ ನಡುವಿನ ಕೊಡುಕೊಳೆ ಅಲ್ಲಿ ಪಳಗಿ ನಿಂತಿತ್ತು.

ಮಾರ್ಜರಿ ಹಾಡುಗಳನ್ನು ಕೇಳಿ ಬರೆದುಕೊಂಡಳು. ಮುಂದಿನ ಯಾತ್ರೆಗಳಿಗೆ ಮೇಣದ ಉರುಳೆಗಳ ಫೋನೋಗ್ರಾಫನ್ನೂ ಹೊತ್ತು ಹೋದಳು. ಕೆನೆತ್ ಮೆಕ್ಲೌಡ್ ಎಂಬ ಪಾದ್ರಿ ಸಾಹಿತ್ಯಕ್ಕೆ ನೆರವಾದ. 1909, 1917, 1921ರಲ್ಲಿ ‘ಸಾಂಗ್ಸ್ ಆಫ್ ದಿ ಹೆಬ್ರಿಡೀಸ್’ ಎಂಬ ಮೂರು ಸಂಪುಟ ಹೊರಬಂದವು. ‘ಎರಿಸ್ಕೇ ಲವ್ ಲಿಲ್ಟ್’ ಎಂಬ ಹಾಡು ಜಗತ್ತು ಸುತ್ತಿತು. ಸಂಯೋಜಕ ಗ್ರ್ಯಾನ್‌ವಿಲ್ ಬ್ಯಾಂಟಾಕ್ ಈ ಧಾಟಿಗಳಿಂದ ಸ್ಫೂರ್ತಿಗೊಂಡು ‘ಹೆಬ್ರಿಡಿಯನ್ ಸಿಂಫನಿ’ ಬರೆದ. ವೃಂದಗಳಿಗೂ ಹಾಡು ಹೊಂದಿಸಿದ.

ಆದರೆ ಆಕೆ ಕೇಳಿದ್ದನ್ನು ಕೇಳಿದಂತೆಯೇ ಕೊಡಲಿಲ್ಲ. ಧಾಟಿಗಳನ್ನು ತಿದ್ದಿದಳು, ಬೆಸೆದಳು. ಬೆವರು ಸುರಿಸಿ ಹಾಡುವ ಹಾಡು ಕೆಲವೊಮ್ಮೆ ಮಂಜಿನ ಕನಸಾಗಿ ಹೊರಬಂತು. ಕವಿ ಸೋರ್ಲಿ ಮೆಕ್ಲೀನ್, ಸಂಗ್ರಾಹಕ ಜಾನ್ ಲಾರ್ನ್ ಕ್ಯಾಂಬೆಲ್ ಇದನ್ನು ನಿಷ್ಠುರವಾಗಿ ಖಂಡಿಸಿದರು. ಅವರ ಖಂಡನೆಯಲ್ಲಿ ನ್ಯಾಯವಿದೆ. ತಮ್ಮ ಜನರ ನೋವನ್ನೂ ಜಗಳವನ್ನೂ ನಗೆಯನ್ನೂ ಯಾರೋ ಸಂಜೆಗತ್ತಲ ಚೆಲುವಾಗಿ ಮಾರುವುದನ್ನು ಮನೆಯವರು ಸಹಿಸಬೇಕಾಗಿಲ್ಲ. ಜೊತೆಗೆ ಇನ್ನೊಂದು ನ್ಯಾಯವೂ ಇದೆ. ಆಕೆಯ ಉರುಳೆಗಳು ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಉಳಿದುಕೊಂಡಿವೆ. ತಾನು ಏನನ್ನು ತಿದ್ದಿದೆ ಎಂಬುದಕ್ಕೆ ಸಾಕ್ಷಿಯನ್ನು ತಾನೇ ಕಾಪಾಡಿಟ್ಟವಳನ್ನು ಕಳ್ಳಿಯೆನ್ನಲಾಗದು. 1930ರಲ್ಲಿ ತೀರಿಕೊಂಡ ಆಕೆಯ ಅಸ್ಥಿ ಅಯೋನಾ ದ್ವೀಪದ ಮಣ್ಣು ಸೇರಿದೆ.

ಆರ್ಫಿಯಸ್ ಮೇಳ

ಗ್ಲಾಸ್ಗೋದಲ್ಲಿ 1874ರಲ್ಲಿ ಹುಟ್ಟಿದ ಹ್ಯೂ ರಾಬರ್ಟನ್ ಬಹುಪಾಲು ಸ್ವಂತ ಪರಿಶ್ರಮದಿಂದ ಸಂಗೀತ ಕಲಿತವನು. ದುಡಿಯುವ ಗಂಡಸರಿಗೆಂದು ಟಾಯ್ನ್‌ಬಿ ಹೆಸರಿನಲ್ಲಿ ನಡೆಯುತ್ತಿದ್ದ ಕೂಟವೊಂದರ ಹಾಡಿನ ಬಳಗವನ್ನು ಆತ 1901ರಲ್ಲಿ ಕೈಗೆತ್ತಿಕೊಂಡ. 1906ರಲ್ಲಿ ಅದು ಗ್ಲಾಸ್ಗೋ ಆರ್ಫಿಯಸ್ ಕ್ವಾಯರ್ ಆಯಿತು. ಹಗಲೆಲ್ಲ ಅಂಗಡಿ, ಕಚೇರಿ, ಕಾರ್ಖಾನೆಗಳಲ್ಲಿ ದುಡಿದು ಸಂಜೆ ಹಾಡಲು ಬರುವ ಹವ್ಯಾಸಿಗಳ ಮೇಳ. ಮುಂದೆ ಸುಮಾರು ಅರ್ಧ ಶತಮಾನ, ವಾದ್ಯವಿಲ್ಲದ ವೃಂದಗಾನದಲ್ಲಿ ಬ್ರಿಟನ್ನಿನಲ್ಲಿ ಅದಕ್ಕೆ ಸಾಟಿಯಿರಲಿಲ್ಲ.

ಇಟಲಿಯ ಮ್ಯಾಡ್ರಿಗಲ್, ರಷ್ಯದ ಚರ್ಚಿನ ಗಾನ, ಬಾಖ್, ಬ್ರಾಮ್ಸ್ ಎಲ್ಲವನ್ನೂ ಅವರು ಹಾಡುತ್ತಿದ್ದರು. ಜನ ಮುಗಿಬಿದ್ದು ಕೇಳುತ್ತಿದ್ದುದು ಮಾತ್ರ ಸ್ಕಾಟಿಷ್ ನಾಡಹಾಡುಗಳನ್ನು. ಅವನ್ನು ರಾಬರ್ಟನ್ ತಾನೇ ಮೇಳಕ್ಕೆ ಹೊಂದಿಸುತ್ತಿದ್ದ. ಆ ಸಂಯೋಜನೆಗಳಲ್ಲಿ ಪಾಂಡಿತ್ಯಪ್ರದರ್ಶನ ಕಡಿಮೆ. ಮೊದಲ ನುಡಿಗೆ ಧಾಟಿ ಸೊಪ್ರಾನೊ ಹೆಣ್ಣುಕಂಠದಲ್ಲೋ ಒಬ್ಬ ಗಾಯಕನಲ್ಲೋ ಸ್ಪಷ್ಟವಾಗಿ ನಿಲ್ಲುತ್ತದೆ. ಉಳಿದವರು ತುಟಿ ಮುಚ್ಚಿ ಗುನುಗುತ್ತಾರೆ. ಬಾಸ್ ಗಂಡುಕಂಠಗಳು ಬ್ಯಾಗ್‌ಪೈಪಿನ ಶ್ರುತಿನಾಳದ ಹಾಗೆ ಒಂದೇ ಸ್ವರವನ್ನು ಹಿಡಿದಿರುತ್ತವೆ. ಅಲ್ಲಿ ನಿಷಾದವನ್ನು ಹೇರುವ ಅಗತ್ಯವೇ ಬೀಳುವುದಿಲ್ಲ. ಮುಂದಿನ ನುಡಿಗೆ ಹೊಸ ಕಂಠ ಸೇರುತ್ತದೆ. ಆದರೆ ಹಾಡಿನ ಒಂದು ಅಕ್ಷರವೂ ಮಸುಕಾಗುವುದಿಲ್ಲ. ಸುಮಾರು ಮೂರೂವರೆ ಶತಮಾನ ಹಿಂದೆ ಪೀಬಲ್ಸ್ ಒಲ್ಲದ ಮನಸ್ಸಿನಿಂದ ಪಾಲಿಸಿದ ಸರಳತೆಯನ್ನು ರಾಬರ್ಟನ್ ಪೂರ್ಣ ಮನಸ್ಸಿನಿಂದ ಪಾಲಿಸಿದ.

ಮೇಳದಲ್ಲಿ ಯಾರೊಬ್ಬರ ಕಂಠವೂ ಎದ್ದು ಕೇಳುವಂತಿರಲಿಲ್ಲ. ನೂರು ಜನ ಸೇರಿ ಒಂದೇ ಪಿಸುಮಾತಾಗುವ ಮೃದುತ್ವ ಆ ಮೇಳದ ಹೆಗ್ಗುರುತು. ಉಸಿರು ಎಲ್ಲಿ, ಪದದ ಕೊನೆಯ ವ್ಯಂಜನ ಎಲ್ಲಿ, ಸ್ವರ ತೆಳುವಾಗುವುದು ಎಲ್ಲಿ ಎಂಬುದನ್ನೆಲ್ಲ ಆತ ಬಿಡದೆ ತಿದ್ದುತ್ತಿದ್ದ. ಅತಿಯಾದ ನಯ ಹಾಡಿನ ಒರಟು ಸತ್ವವನ್ನು ತಿಂದುಹಾಕುತ್ತದೆ ಎಂದು ಆಕ್ಷೇಪಿಸಿದವರೂ ಉಂಟು. ಹಳೆಯ ಧ್ವನಿಮುದ್ರಿಕೆಗಳಲ್ಲಿ ಆ ನಯ ಕೇಳಿಸುತ್ತದೆ, ನಿಜ. ಆದರೆ ಅದರೊಳಗೆ ಹಾಡಿನ ಮೇಲಿನ ಭಕ್ತಿಯೂ ಅಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ.

ಆತ ಹೊಸ ಹಾಡುಗಳನ್ನೂ ಹಳೆಯ ಮರದಲ್ಲಿ ಚಿಗುರಿಸಿದ. 1934ರ ಮಾಡ್ ಉತ್ಸವದಲ್ಲಿ ಚಿನ್ನದ ಪದಕ ಗೆದ್ದ ಗಾಯಕಿ ಮೇರಿ ಮೆಕ್‌ನಿವನ್ ಹೆಸರಿನಲ್ಲಿ ಜಾನ್ ರೋಡೆರಿಕ್ ಬ್ಯಾನರ್‌ಮನ್ ಗೇಲಿಕ್‌ನಲ್ಲಿ ಒಂದು ಹಾಡು ಕಟ್ಟಿದ. ಅದಕ್ಕೆ ರಾಬರ್ಟನ್ ಇಂಗ್ಲಿಷ್ ಮಾತು ಕೊಟ್ಟ. ‘ಮೇರೀಸ್ ವೆಡ್ಡಿಂಗ್’ ಎಂಬ ಆ ಹಾಡು ಇಂದು ಸ್ಕಾಟ್ಲೆಂಡಿನ ಮದುವೆಮನೆಗಳಲ್ಲಿ ಪುರಾತನವೆಂಬಂತೆ ಕುಣಿಸುತ್ತದೆ.

ಇಂಗ್ಲೆಂಡಿನಲ್ಲಿಯೂ ಇದೇ ದಾರಿ ಹಿಡಿದವನೊಬ್ಬನಿದ್ದ. ಹಳ್ಳಿ ತಿರುಗಿ ನಾಡಹಾಡು ಸಂಗ್ರಹಿಸಿದ ರಾಲ್ಫ್ ವಾನ್ ವಿಲಿಯಮ್ಸ್ 1921ರಲ್ಲಿ ‘ಲಾಕ್ ಲೊಮಂಡ್’ ಹಾಡನ್ನು ಗಂಡುಕಂಠಗಳಿಗೆ, 1922ರಲ್ಲಿ ‘ಕಾ ದ ಯೋಸ್’ ಹಾಡನ್ನು ಒಂಟಿ ಟೆನರ್ ಮತ್ತು ಮಿಶ್ರವೃಂದಕ್ಕೆ ಹೊಂದಿಸಿದ. ಕುರಿಗಳನ್ನು ದಿಬ್ಬದತ್ತ ಅಟ್ಟುವ ಈ ಹಾಡನ್ನು ಬರ್ನ್ಸ್ ಒಬ್ಬ ಪಾದ್ರಿಯ ಬಾಯಲ್ಲಿ ಕೇಳಿ, ಬರೆಸಿ ಉಳಿಸಿದ್ದ. ವಾನ್ ವಿಲಿಯಮ್ಸ್‌ನ ಕೈಯಲ್ಲಿ ಕುರುಬನ ಒಂಟಿತನಕ್ಕೆ ಭಂಗ ಬರುವುದಿಲ್ಲ. ವೃಂದ ಅವನ ಸುತ್ತಲಿನ ದಿಬ್ಬವಾಗುತ್ತದೆ.

ಯುದ್ಧ ಮತ್ತು ಆತ್ಮಸಾಕ್ಷಿ

ಈ ಇಬ್ಬರ ಹಾದಿ ಎರಡನೇ ಮಹಾಯುದ್ಧದ ನಡುವೆ ವಿಚಿತ್ರವಾಗಿ ಕೂಡಿತು. 1931ರಲ್ಲಿ ಸರ್ ಪದವಿ ಪಡೆದಿದ್ದ ರಾಬರ್ಟನ್ ಯುದ್ಧವಿರೋಧಿ. ಶಾಂತಿಪ್ರತಿಜ್ಞೆ ತೊಟ್ಟ ಸಂಘದ ಸದಸ್ಯ. ನಾಡಿನ ಮೇಲೆ ಬಾಂಬು ಬೀಳುತ್ತಿದ್ದ ಕಾಲ. ಬಿ.ಬಿ.ಸಿ. ಆತನನ್ನೂ ಆತನ ಮೇಳವನ್ನೂ ಬಾನುಲಿಯಿಂದ ಹೊರಗಿಟ್ಟಿತು. ಹಾಡಿನಲ್ಲಿ ರಾಜಕೀಯವಿರಲಿಲ್ಲ, ಹಾಡಿಸುವವನ ಮನಸ್ಸಿನಲ್ಲಿ ಒಂದು ನಂಬಿಕೆ ಇತ್ತು, ಅಷ್ಟೆ. ಅದನ್ನು ಕೈಬಿಡಲು ಆತ ಒಪ್ಪಲಿಲ್ಲ.

ವಾನ್ ವಿಲಿಯಮ್ಸ್‌ಗೆ ಆ ನಂಬಿಕೆಯಲ್ಲಿ ಸಹಮತವಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಸೈನ್ಯದಲ್ಲಿ ದುಡಿದವನು ಆತ. ಆದರೂ ಬಿ.ಬಿ.ಸಿ.ಯ ಇಂಥ ನಿಷೇಧವನ್ನು ಪ್ರತಿಭಟಿಸಿ ಬರೆದ. ಕಾದಂಬರಿಕಾರ ಇ. ಎಂ. ಫಾರ್ಸ್ಟರ್ ಕೂಡ ದನಿಗೂಡಿಸಿದ. ವಿಷಯ ಪಾರ್ಲಿಮೆಂಟಿಗೆ ಹೋಯಿತು. 1941ರ ಮಾರ್ಚಿನಲ್ಲಿ ಪ್ರಧಾನಿ ಚರ್ಚಿಲ್ಲೇ ಎದ್ದು ನಿಂತು ಆ ನಿಷೇಧ ಮುಗಿಯಿತೆಂದು ಸಾರಿದ. ದೇಶವೊಂದು ಉಳಿವಿಗಾಗಿ ಹೋರಾಡುತ್ತಿದ್ದಾಗ ಕುರುಬರ, ಬೆಸ್ತರ ಹಾಡು ಹಾಡುವ ಮೇಳವೊಂದರ ಹಕ್ಕಿಗಾಗಿ ಇಷ್ಟು ಮಂದಿ ಎದ್ದು ನಿಂತದ್ದು ಆ ಮೇಳ ಜನರ ಬದುಕಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ಹೇಳುತ್ತದೆ.

1951

ಯುದ್ಧ ಮುಗಿದು ಆರು ವರ್ಷಕ್ಕೆ ರಾಬರ್ಟನ್ ನಿವೃತ್ತನಾದ. ತನ್ನೊಡನೆ ಆರ್ಫಿಯಸ್ ಮೇಳವೂ ಮುಗಿಯಬೇಕೆಂಬುದು ಆತನ ನಿರ್ಧಾರ. 1951ರಲ್ಲಿ ಮೇಳ ಬೀಳ್ಕೊಂಡಿತು. ಮರುವರ್ಷ ಅಕ್ಟೋಬರಿನಲ್ಲಿ ಆತ ತೀರಿಕೊಂಡ. ಅವರ ಕಛೇರಿಗಳಿಗೆ ಮನೆಯಂತಿದ್ದ ಸೇಂಟ್ ಆಂಡ್ರೂಸ್ ಸಭಾಂಗಣ 1962ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಮುಂಗೋಡೆ ಇಂದು ಮಿಚೆಲ್ ಗ್ರಂಥಾಲಯದ ಭಾಗವಾಗಿ ನಿಂತಿದೆ. ಹಾಡು ಬಿಡಲಾರದ ಮೇಳದವರು 1951ರಲ್ಲೇ ಪೀಟರ್ ಮೂನಿಯ ಮುಂದಾಳುತನದಲ್ಲಿ ಫೀನಿಕ್ಸ್ ಕ್ವಾಯರ್ ಕಟ್ಟಿಕೊಂಡರು.

ಅದೇ ವರ್ಷ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಕಾಟಿಷ್ ಅಧ್ಯಯನ ಕೇಂದ್ರ ತೆರೆಯಿತು. ಅದರ ಸಂಗ್ರಾಹಕ ಕ್ಯಾಲಮ್ ಮೆಕ್ಲೀನ್ ಧ್ವನಿಮುದ್ರಣ ಯಂತ್ರ ಹೊತ್ತು ಗುಡ್ಡಗಾಡು ತಿರುಗಿದ. ಅಮೆರಿಕದ ಹಾಡುಸಂಗ್ರಾಹಕ ಆಲನ್ ಲೊಮ್ಯಾಕ್ಸ್ ಬಂದ. ಕವಿ ಹ್ಯಾಮಿಷ್ ಹೆಂಡರ್ಸನ್ ಎಡಿನ್‌ಬರೋದಲ್ಲಿ ಜನರ ಉತ್ಸವದ ಹಾಡುಗೂಟ ನಡೆಸಿ, ಬಾರಾ ದ್ವೀಪದ ಫ್ಲೋರಾ ಮೆಕ್‌ನೀಲ್‌ಳಂಥ ಗಾಯಕಿಯರನ್ನು ಯಾವ ಹಿಮ್ಮೇಳವೂ ಇಲ್ಲದೆ ನಗರದ ಜನರ ಮುಂದೆ ನಿಲ್ಲಿಸಿದ. ಮೇಳದ ಯುಗ ಮುಗಿದ ವರ್ಷವೇ ಒಂಟಿ ಕಂಠದ ಮರುಹುಟ್ಟು ಆಯಿತು.

ಇವೆರಡು ಒಂದಕ್ಕೊಂದು ಶತ್ರುಗಳೆಂದು ಆ ಕಾಲದ ಕೆಲವರು ತಿಳಿದರು. ನಾಲ್ಕು ಶತಮಾನವನ್ನು ಒಟ್ಟಿಗೆ ನೋಡಿದರೆ ಹಾಗನ್ನಿಸುವುದಿಲ್ಲ. ಊರು ಕಳೆದುಕೊಂಡು ಹೊಗೆಯ ನಗರಕ್ಕೆ ಬಂದ ಲಕ್ಷಾಂತರ ಜನಕ್ಕೆ ಕುರಿದಿಬ್ಬವಿರಲಿಲ್ಲ, ಬಟ್ಟೆ ಬಡಿಯುವ ಹಲಗೆಯಿರಲಿಲ್ಲ. ಹಾಡು ಬಾಳುವ ಸಂದರ್ಭವೇ ಹೊರಟುಹೋಗಿತ್ತು. ವಾರದ ಸಂಜೆಯ ಮೇಳ ಅವರಿಗೆ ಹೊಸ ಸಂದರ್ಭ ಕೊಟ್ಟಿತು. ಧಾಟಿಯನ್ನು ಬಾಯಲ್ಲಿ ಇಟ್ಟುಕೊಂಡೇ ಅವರು ಎರಡು ಯುದ್ಧ ದಾಟಿದರು. ಕಂಠವನ್ನು ತಗ್ಗಿಸಿ ಪಕ್ಕದವನ ಕಂಠ ಕೇಳುತ್ತ ಹಾಡುವ ಆ ಶಿಸ್ತು ಅವರಿಗೆ ಹಾಡನ್ನು ಕೇಳಲೂ ಕಲಿಸಿತು. ಹೆಂಡರ್ಸನ್‌ನ ಗಾಯಕಿಯರಿಗೆ ಕಿವಿಗೊಡಲು ಒಂದು ನಾಡು ಸಿದ್ಧವಾಗಿದ್ದರೆ ಅದರಲ್ಲಿ ಮೇಳಗಳ ಪಾಲೂ ಇದೆ.

ಇಂದು ಮಾಡ್ ಉತ್ಸವಕ್ಕೆ ಪ್ರತಿವರ್ಷ ಗೇಲಿಕ್ ಮೇಳಗಳು ಬರುತ್ತವೆ. ಜೇಮ್ಸ್ ಮೆಕ್‌ಮಿಲನ್‌ನಂಥ ಈ ಕಾಲದ ಸಂಯೋಜಕ ಬರ್ನ್ಸ್‌ನ ಹಾಡನ್ನು ಮತ್ತೆ ವೃಂದಕ್ಕೆ ಹೊಂದಿಸಿದ್ದಾನೆ. ಇಂಥ ಸಂಯೋಜಕರ ಮುಂದೆ ಈಗ ಬರೆದ ಹಾಳೆಯೂ ಇದೆ, ದ್ವೀಪದ ಹೆಂಗಸಿನ ಮುದ್ರಿತ ಕಂಠವೂ ಇದೆ. ಬೀಥೋವನ್‌ಗೆ ದೊರೆಯದ ಭಾಗ್ಯ ಅದು. ಆ ಕಂಠವನ್ನು ಕೇಳಿಯೇ ಲೇಖನಿ ಎತ್ತುವುದು ಅವರ ಹೊಣೆ; ಎತ್ತಿದ ಮೇಲೆ ಪೀಬಲ್ಸ್‌ಗೆ ಸಿಕ್ಕ ಅಪ್ಪಣೆಯನ್ನು ನೆನೆಯುವುದು ಇನ್ನೊಂದು ಹೊಣೆ. ವುಡ್ ಅಂಜಿದ ಹಾಗೆ ಆ ನಾಡಿನ ಸಂಗೀತ ಅಳಿಯಲಿಲ್ಲ. ಉಳಿಸಿದವರು ಸಂಭಾವನೆ ಒಲ್ಲದ ಕವಿ, ಗಾಯದ ಮೇಲೆ ಗಾಯ ಉಂಡ ಹೆಂಗಸು, ದುಡಿದು ದಣಿದು ಸಂಜೆ ಹಾಡಲು ಬಂದ ಸಾಮಾನ್ಯರು. ಚರಿತ್ರೆ ಅವರನ್ನು ರಾಜರ, ಕದನಗಳ ಸಾಲಿನಲ್ಲೇ ಕೂರಿಸಿ ನೆನೆಯಬೇಕು.